ಭಾವನ ಬಾಯಿ ಮತ್ತು ಶುಕ್ರವಾರದ ಮೌನ

ಬಹರೈನಿನ ಬೇಸಗೆಯಲ್ಲಿ ಏ.ಸಿ. ಕೆಟ್ಟರೆ ನಮ್ಮ ಭಾವನನ್ನು ಕರೆಸಬೇಕು. ರಿಪೇರಿ ಮುಗಿದ ಮೇಲೆ ಅವರನ್ನು ಹೊರಗೆ ಕಳಿಸಲು ಪೊಲೀಸರನ್ನೇ ಕರೆಸಬೇಕು! ಅಷ್ಟು ಮಾತು. ಎಂಬತ್ತರ ದಶಕದ ಆರಂಭದಲ್ಲಿ ನಾನು ಮನಾಮಾದ ಅಕ್ಕನ ಮನೆಯಲ್ಲಿದ್ದುಕೊಂಡು ಕೆಲಸಕ್ಕೆ ಹೋಗುತ್ತಿದ್ದೆ. ಊರಿನವರು ಸಿಕ್ಕಾಗ "ಓ, ನೀವು ಅವರ ಭಾವಮೈದುನ ಅಲ್ವಾ?" ಎಂದರೆ ಸಾಕು, ನನ್ನ ತಲೆ ತಾನಾಗಿ ತಗ್ಗುತ್ತಿತ್ತು.

ಇಂಥ ಮನುಷ್ಯ, ಬಾಯಿ ಮುಚ್ಚಿ ಕೂರುವುದನ್ನೇ ಪೂಜೆ ಎನ್ನುವವರ ಗುಂಪಿಗೆ ಸೇರಿಕೊಂಡರೆಂದರೆ ನೀವು ನಂಬುತ್ತೀರಾ?

ಆದದ್ದಿಷ್ಟೇ. ಒಂದು ಶುಕ್ರವಾರ, ಅಂದರೆ ಅಲ್ಲಿನ ವಾರದ ರಜೆಯ ದಿನ, ಇಂಗ್ಲಿಷ್ ಟೀಚರಮ್ಮನೊಬ್ಬರ ಮನೆಗೆ ಭಾವ ಏ.ಸಿ. ನೋಡಲು ಹೋದರು. ಬಾಗಿಲು ತೆರೆದೇ ಇತ್ತು. ಒಳಗೆ ಏಳೆಂಟು ಜನ ವೃತ್ತಾಕಾರದಲ್ಲಿ ಕಣ್ಣು ಮುಚ್ಚಿ, ತಲೆ ತಗ್ಗಿಸಿ ಕೂತಿದ್ದಾರೆ. ಮಾತಿಲ್ಲ, ಕತೆಯಿಲ್ಲ. ಭಾವ ಟೂಲ್ ಬಾಕ್ಸ್ ಕೆಳಗಿಟ್ಟು, ಕೈಮುಗಿದು, ತಮ್ಮ ಇಂಗ್ಲಿಷಿನಲ್ಲಿ ಕೇಳಿದರಂತೆ: "ವೆರಿ ಸಾರಿ ಮೇಡಂ. ಬಾಡಿ ವೆನ್ ಕಮಿಂಗ್?"

ಸತ್ತವರು ಯಾರೂ ಇರಲಿಲ್ಲ! ಅವರೆಲ್ಲ ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಅವರಲ್ಲಿ ಪಾದ್ರಿಯಿಲ್ಲ, ಪ್ರವಚನವಿಲ್ಲ. ಒಟ್ಟಿಗೆ ಸುಮ್ಮನೆ ಕೂರುವುದೇ ಪ್ರಾರ್ಥನೆ. ಟೀಚರಮ್ಮ ನಕ್ಕು, ಪಕ್ಕದ ಕುರ್ಚಿ ತೋರಿಸಿದರು. ಭಾವ ಕೂತರು. ಮುಂದಿನ ಶುಕ್ರವಾರ ಏ.ಸಿ. ಚೆನ್ನಾಗಿದ್ದರೂ ಹೋದರು.

"ಭಟ್ರಿಲ್ಲ, ಗಂಟೆಯಿಲ್ಲ ಮಾರಾಯ! ದೇವರು ನಮ್ಮೊಳಗೇ ಉಂಟಂತೆ. ನಾವು ಬಾಯಿ ಮುಚ್ಚಿದರೆ ಅವನು ಮಾತಾಡ್ತಾನಂತೆ," ಎಂದರು ಭಾವ ಮನೆಗೆ ಬಂದು.

"ಹಾಗಾದ್ರೆ ನಿಮ್ಮೊಳಗಿನವನಿಗೆ ಇಷ್ಟು ವರ್ಷ ಚಾನ್ಸೇ ಸಿಕ್ಕಿಲ್ಲ ಬಿಡಿ," ಎಂದೆ. ಅಕ್ಕ ಅಡುಗೆಮನೆಯಲ್ಲಿ ಕಿಸಕ್ಕನೆ ನಕ್ಕಳು.

ಮೌನದ ನಂತರ ಚಹಾ. ಚಹಾದ ನಂತರ ದೊಡ್ಡವರಿಗೆ ಪಾಠ. ಪಾಠವೆಂದರೆ ಒಂದು ಪ್ರಶ್ನೆ. ಪ್ರತಿಯೊಬ್ಬರೂ ತಮ್ಮ ಬದುಕಿನಿಂದಲೇ ಉತ್ತರ ಹೇಳಬೇಕು, ಉಳಿದವರು ತಿದ್ದಬಾರದು, ವಾದಿಸಬಾರದು. ಆಮೇಲೆ ವಾರವಿಡೀ ಅದನ್ನು ಮನೆಯಲ್ಲಿ ಆಚರಿಸಬೇಕು. ಅಲ್ಲಿಂದಲೇ ನಮ್ಮ ಮಾನ ಹರಾಜಿಗೆ ಬಂತು!

ಮೊದಲ ಪಾಠ, ಸತ್ಯ. ಆ ವಾರವೇ ಪರಿಚಯದವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಯಜಮಾನರು ಉಪಚಾರಕ್ಕೆ, "ಪಾಯಸ ಹೇಗುಂಟು?" ಎಂದರು. "ಅಡಿ ಹಿಡಿದಿದೆ," ಎಂದರು ಭಾವ. ಅಷ್ಟಕ್ಕೇ ನಿಲ್ಲಿಸದೆ ಮುಂದುವರಿಸಿದರು: "ನಿಮ್ಮ ಹೆಂಡತಿ ಹಾಡಿದ್ರಲ್ಲ, ಅದೂ ಸ್ವಲ್ಪ ಹಾಗೇ." ನಾನು ಬಾಳೆಲೆಯ ಕೆಳಗೆ ನುಸುಳಲು ಜಾಗ ಹುಡುಕಿದೆ. ಅಕ್ಕ ಮನೆಗೆ ಬಂದವಳೇ ಕೋಣೆಯ ಬಾಗಿಲು ಹಾಕಿಕೊಂಡಳು.

ಎರಡನೆಯದು, ಕೇಳಿಸಿಕೊಳ್ಳುವುದು. ಎದುರಿನವರ ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ತಡೆದು ಉತ್ತರಿಸಬೇಕಂತೆ. ತರಕಾರಿ ಮಾರುಕಟ್ಟೆಯಲ್ಲಿ ನಮ್ಮ ಕರಾವಳಿಯ ಬ್ಯಾರಿ ಅಂಗಡಿಯವರು ಬದನೆಯ ರೇಟು ಹೇಳಿದರು. ಭಾವ ಅವರ ಕಣ್ಣಲ್ಲಿ ಕಣ್ಣಿಟ್ಟು, ರೆಪ್ಪೆ ಬಡಿಯದೆ ನಿಂತೇ ನಿಂತರು. ಅಂಗಡಿಯವರು ಹೆದರಿ ರೇಟು ಇಳಿಸಿದರು. ಆಗಲೂ ಮೌನ! ಕೊನೆಗೆ ಅಂಗಡಿಯವರು ನನ್ನತ್ತ ಬಾಗಿ ಪಿಸುಗುಟ್ಟಿದರು: "ಇವರಿಗೆ ಸೌಖ್ಯ ಇಲ್ವಾ?"

ಲೋಕದವರ ಮಾತನ್ನೆಲ್ಲ ಹೀಗೆ ಕೇಳಿಸಿಕೊಂಡ ಭಾವ ಮನೆಯಲ್ಲಿ ಮಾತ್ರ ಫೇಲು. ಅಕ್ಕ "ಅಲ್ಲ, ನಾನು ಹೇಳುವುದು..." ಎಂದರೆ ಸಾಕು, ಏ.ಸಿ. ಕಂಪ್ರೆಸರಿನ ಪುರಾಣ ಶುರುವಾಗುತ್ತಿತ್ತು.

"ಅಲ್ಲಿ ಇನ್ನೇನು ಮಾನ ಕಳೀತಾರೋ, ನೋಡ್ಕೊಂಡು ಬರುವ ನಡಿ," ಎಂದು ಅಕ್ಕ ಒಂದು ಶುಕ್ರವಾರ ನನ್ನನ್ನೂ ಹೊರಡಿಸಿದಳು. ಭಾವನ ಹಳೆಯ ಕಾರಿನಲ್ಲಿ ಮೂವರೂ ಹೋದೆವು.

ಮೌನದಲ್ಲಿ ಕೇಳಿಸಿದ್ದು ನನ್ನ ಹೊಟ್ಟೆಯ ಗುಡುಗು ಒಂದೇ. ಚಹಾ ಆಯಿತು. ಟೀಚರಮ್ಮ ಆ ದಿನದ ಪ್ರಶ್ನೆ ಕೇಳಿದರು. ಅದನ್ನು ನಾನು ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ: "ನೀವು ಯಾರ ಮಾತನ್ನು ಕೇಳಿಸಿಕೊಳ್ಳದೆ ಬಿಟ್ಟಿರಿ?"

ಭಾವನ ಸರದಿ ಬಂತು. ಇನ್ನೇನು ಕಂಪ್ರೆಸರ್ ಬರುತ್ತದೆಂದು ನಾನು ನೆಲ ನೋಡಿದೆ. ಅವರು ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ ಹೇಳಿದರು:

"ಇವಳದ್ದು. ಸಲ್ಮಾನಿಯಾ ಆಸ್ಪತ್ರೆಯಲ್ಲಿ ನಮಗೊಂದು ಹೆಣ್ಣುಮಗು ಹುಟ್ಟಿತ್ತು. ಬೆಳಿಗ್ಗೆ ಹುಟ್ಟಿ ಸಂಜೆಗೆ ಹೋಯ್ತು. ಇವಳು ಮಗುವಿನ ವಿಷಯ ಎತ್ತಲಿಕ್ಕೆ ಬಾಯಿ ತೆಗೆದಾಗೆಲ್ಲ ನಾನು ಬೇರೆ ಏನಾದ್ರೂ ಮಾತಾಡಿದೆ. ಇವಳು ಹೇಳಿದ್ರೆ ನಾನು ಅತ್ತುಬಿಡ್ತೇನೆ ಅಂತ ಹೆದರಿಕೆ. ಆಮೇಲೆ ಈ ಬಾಯಿ ನಿಲ್ಲಿಸ್ಲಿಕ್ಕೇ ಆಗ್ಲಿಲ್ಲ. ನನಗೆ ತುಂಬಾ ನಾಚಿಕೆ ಆಗ್ತದೆ."

ನಾನು ಬಹರೈನಿಗೆ ಬರುವ ಮೊದಲಿನ ಸಂಗತಿ ಅದು. ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ. ಅಲ್ಲಿದ್ದ ಉಳಿದವರಿಗೆ ಕನ್ನಡದ ಒಂದಕ್ಷರ ಬಾರದು. ಆದರೂ ಒಬ್ಬರೂ ಏನೆಂದು ಕೇಳಲಿಲ್ಲ. ಟೀಚರಮ್ಮ ಕೈಯಲ್ಲಿದ್ದ ಕಪ್ಪನ್ನು ಸದ್ದಾಗದಂತೆ ಕೆಳಗಿಟ್ಟರು.

ಅಕ್ಕ ಸೆರಗಿನ ತುದಿ ಹಿಂಡುತ್ತಾ ಹೇಳಿದಳು: "ಅವಳಿಗೆ ನಾನೊಂದು ಹೆಸರು ಇಟ್ಟಿದ್ದೆ. ನೀವು ಕೇಳ್ಲೇ ಇಲ್ಲ."

"ಏನು ಹೆಸರು?"

"ವಾರಿಜ."

ಭಾವ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು.

ವಾಪಸು ಬರುವಾಗ ಅಕ್ಕ ಮಗುವಿನ ಕೂದಲು ಎಷ್ಟು ದಟ್ಟವಾಗಿತ್ತು, ತನ್ನ ಬೆರಳನ್ನು ಹೇಗೆ ಹಿಡಿದುಕೊಂಡಿತ್ತು ಎಂದು ಹೇಳುತ್ತಲೇ ಇದ್ದಳು. ನಮ್ಮ ಗಲ್ಲಿಯ ತಿರುವು ಬಂತು, ಭಾವ ತಿರುಗಿಸಲಿಲ್ಲ. ಹಿಂದಿನ ಸೀಟಿನಿಂದ ನಾನು ಎಚ್ಚರಿಸಲು ಹೊರಟೆ. ಅವರು ಕನ್ನಡಿಯಲ್ಲಿ ನನ್ನನ್ನು ನೋಡಿ, ಒದ್ದೆ ಕಣ್ಣಲ್ಲೇ ಬೇಡವೆಂದು ತಲೆಯಾಡಿಸಿದರು. ಕಾರು ಸಮುದ್ರದ ರಸ್ತೆಗೆ ಹೊರಳಿತು. ಅಕ್ಕನ ಮಾತು ಇನ್ನೂ ಮುಗಿದಿರಲಿಲ್ಲ.