ಶಾಂತ ಸ್ವಭಾವದವರು, ಅಪಾರ ಬಂಧು-ಬಳಗ

ಸತ್ತವರ ಮನೆಯಲ್ಲಿ ನಗಬಾರದು ಎಂದು ಹಿರಿಯರು ಹೇಳುತ್ತಾರೆ. ಹಾಗೆ ಹೇಳಿದ ಹಿರಿಯರು ಸತ್ತಾಗ ಅವರ ಮನೆಯಲ್ಲೇ ನಗು ಬರುವಂಥದ್ದು ಏನಾದರೊಂದು ನಡೆದುಬಿಡುತ್ತದೆ, ಅದಕ್ಕೆ ನಾನೇನು ಮಾಡಲಿ?

ಚಿಕ್ಕೋಡಿಯ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ. ಅದರ ಜೊತೆಗೆ ಒಂದು ಪತ್ರಿಕೆಗೆ ಅರೆಕಾಲಿಕ ವರದಿಗಾರಿಕೆ. ಚುನಾವಣೆ, ಸಕ್ಕರೆ ಕಾರ್ಖಾನೆ, ಗಡಿ ಗಲಾಟೆ ಇಂಥ ದೊಡ್ಡ ಸುದ್ದಿ ಇದ್ದಾಗ ಬೆಳಗಾವಿಯಿಂದ ದೊಡ್ಡ ವರದಿಗಾರರು ಜೀಪಿನಲ್ಲಿ ಬರುತ್ತಿದ್ದರು. ನನ್ನ ಪಾಲಿಗೆ ಉಳಿಯುತ್ತಿದ್ದದ್ದು ನಿಧನ ವಾರ್ತೆ. ನಿಪ್ಪಾಣಿಯಿಂದ ಕಾಗವಾಡದ ತನಕ ಯಾರು ಕಣ್ಣು ಮುಚ್ಚಿದರೂ ಸುದ್ದಿ ನನ್ನ ಅಂಗಡಿಗೇ ಬರಬೇಕು.

ಸತ್ತವರನ್ನು ನಾಲ್ಕು ಸಾಲಿನಲ್ಲಿ ಮುಗಿಸಬೇಕೆಂದು ಸಂಪಾದಕರ ಕಟ್ಟಪ್ಪಣೆ. ಮೊದಲ ಸಾಲಿನಲ್ಲಿ ಹೆಸರು, ವಯಸ್ಸು. ಎರಡನೆಯದರಲ್ಲಿ 'ಶಾಂತ ಸ್ವಭಾವದವರಾಗಿದ್ದರು'. ಮೂರನೆಯದು 'ಮೃತರು ಪತ್ನಿ, ಪುತ್ರರು ಹಾಗೂ ಅಪಾರ ಬಂಧು-ಬಳಗವನ್ನು ಅಗಲಿದ್ದಾರೆ'. ನಾಲ್ಕನೆಯದು ಮುಂದಿನ ಕಾರ್ಯ ಎಲ್ಲಿ, ಎಷ್ಟು ಹೊತ್ತಿಗೆ ಎಂಬುದು. ಹೆಸರು ಬದಲಿಸಿದರೆ ಆಯಿತು, ಉಳಿದದ್ದು ಎಲ್ಲರಿಗೂ ಒಂದೇ ಅಳತೆಯ ಅಂಗಿ.

ವಸ್ತಾದರ ಶಾಂತ ಸ್ವಭಾವ

ನಿಪ್ಪಾಣಿಯಲ್ಲಿ ಕುಸ್ತಿ ಕಲಿಸುವ ವಸ್ತಾದರೊಬ್ಬರಿದ್ದರು. ಅವರು ಗರಡಿಮನೆಯಲ್ಲಿ ಒಂದು ಮಾತು ಆಡಿದರೆ ಆಚೆ ಬೀದಿಯ ತಂಬಾಕು ತುಂಬಿಡುವ ವಖಾರಿಯಲ್ಲಿ ಕೂತ ಹೆಣ್ಣುಮಕ್ಕಳು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಅವರು ತೀರಿಕೊಂಡಾಗ ನಾನು ರೂಢಿಯಂತೆ 'ಶಾಂತ ಸ್ವಭಾವದವರೂ ಮಿತಭಾಷಿಗಳೂ ಆಗಿದ್ದರು' ಎಂದು ಬರೆದು ಫ್ಯಾಕ್ಸ್ ಮಾಡಿದೆ.

ಚಿತೆ ಆರಿದ ಮೇಲೆ ಬೂದಿ ತುಂಬುವ ರಕ್ಷಾ ವಿಸರ್ಜನೆಗೆ ನಮ್ಮ ಕಡೆ ಊರೂರಿಂದ ಮಂದಿ ಬರುತ್ತಾರೆ. ಅಂದು ವಸ್ತಾದರ ಮನೆ ಮುಂದೆ ಬೀಗರು ಮತ್ತು ನಾಲ್ಕಾರು ಪೈಲವಾನರನ್ನು ಬಿಟ್ಟರೆ ಯಾರೂ ಇಲ್ಲ. ಮಂದಿಯೆಲ್ಲ ಇನ್ನೊಂದು ಪೇಟೆಯಲ್ಲಿದ್ದ ನಿವೃತ್ತ ಪೋಸ್ಟ್ ಮಾಸ್ತರರ ಮನೆಗೆ ಹೋಗಿದ್ದರು. ಅವರದೂ ಅದೇ ಹೆಸರು, ಅದೇ ಅಡ್ಡಹೆಸರು. ನನ್ನ ನಾಲ್ಕನೆಯ ಸಾಲಿನಲ್ಲಿ ಇದ್ದದ್ದೂ ಬರೀ 'ನಿಪ್ಪಾಣಿಯ ಸ್ವಗೃಹದಲ್ಲಿ' ಎಂದಷ್ಟೇ. ಪೇಪರಿನಲ್ಲಿ 'ಶಾಂತ ಸ್ವಭಾವ' ಎಂದು ಓದಿದ ಮೇಲೆ ವಸ್ತಾದರ ನೆನಪು ಯಾರಿಗೆ ಬಂದೀತು? ಪೋಸ್ಟ್ ಮಾಸ್ತರರು ಬನಿಯನ್ನಿನ ಮೇಲೆಯೇ ಬಾಗಿಲು ತೆರೆದರು. ರಾಯಬಾಗದಿಂದ ಅಳುತ್ತ ಬಂದಿದ್ದ ದೂರದ ತಂಗಿಯೊಬ್ಬಳಿಗೆ ತಾವೇ ನೀರು ಕೊಟ್ಟು, "ಸಮಾಧಾನ ಮಾಡ್ಕೊಳ್ಳವಾ, ಆಗೂದು ಆಗಿ ಹೋತು" ಎಂದೂ ಅಂದರಂತೆ. ನಿಜವಾಗಿಯೂ ಶಾಂತ ಸ್ವಭಾವದವರು.

ಮರುದಿನ ವಸ್ತಾದರ ಮಗ ನನ್ನ ಅಂಗಡಿಗೆ ಬಂದ. ಬಾಗಿಲಿನ ಬೆಳಕನ್ನೆಲ್ಲ ಅವನ ಹೆಗಲೇ ಮುಚ್ಚಿತು.

"ನಮ್ಮಪ್ಪ ಶಾಂತ ಇದ್ದಾ ಅಂತ ನಿಮಗ ಯಾರ ಹೇಳಿದ್ರಿ?"

"ಯಾರೂ ಹೇಳಿಲ್ರಿ. ಎಲ್ಲಾರಿಗೂ ಹಂಗ ಬರೀತೀವ್ರಿ."

"ಎಲ್ಲಾರೂ ಶಾಂತ ಇದ್ರ ನಿಮ್ಮ ಚಿಕ್ಕೋಡಿ ಕೋರ್ಟಿನ ಮುಂದ ದಿನಾ ಅಷ್ಟ ಮಂದಿ ಯಾಕ ನಿಂತಿರ್ತಾರ್ರಿ?"

ಖರೇ ಸಾಲು

ಅಂದಿನಿಂದ ಒಂದು ನಿಯಮ ಮಾಡಿಕೊಂಡೆ. ಎರಡನೆಯ ಸಾಲನ್ನು ಮನೆಯವರನ್ನು ಕೇಳಿಯೇ ಬರೆಯುವುದು, ಅದು ಖರೇ ಇರಬೇಕು, ಸುಳ್ಳು ಸೇರಬಾರದು. ವಸ್ತಾದರ ವಾರ್ತೆಯನ್ನು ಮತ್ತೊಮ್ಮೆ ಹಾಕಿಸಿ, 'ಇವರ ಧ್ವನಿ ಗರಡಿಮನೆಯ ಆಚೆಗೂ ಕೇಳುತ್ತಿತ್ತು' ಎಂದು ಬರೆದೆ. ಜನ ಅದನ್ನು ಕತ್ತರಿಸಿ ಇಟ್ಟುಕೊಂಡರು.

ಇದು ಊರಿಗೆಲ್ಲ ತಿಳಿದದ್ದೇ ತಡ, ನಮ್ಮ ಓಣಿಯಲ್ಲಿ ಎಲ್ಲರೂ ಚಿಕ್ಕಮ್ಮನೆಂಬಂತೆ 'ಕಾಕು' ಎನ್ನುತ್ತಿದ್ದ ಇಬ್ಬರು ಮುದುಕಿಯರಿಗೆ ಚಿಂತೆ ಹತ್ತಿತು. ಇಬ್ಬರದೂ ಎದುರಾಬದುರಾ ಮನೆ. ಓಣಿಗೆ ನಳ ಬಂದ ದಿನ ಯಾರ ಕೊಡ ಮೊದಲು ಎಂದು ಶುರುವಾದ ಜಗಳ, ಮೊಮ್ಮಕ್ಕಳಾದರೂ ಮುಗಿದಿರಲಿಲ್ಲ. ಒಬ್ಬಳದು ತಾಮ್ರದ ಕೊಡ, ಇನ್ನೊಬ್ಬಳದು ಸ್ಟೀಲಿನದು. ಓಣಿಯವರು ಅವರನ್ನು ಕರೆಯುತ್ತಿದ್ದದ್ದೂ ಹಾಗೆಯೇ. ಪರಸ್ಪರ ಬೈದದ್ದು ಬಿಟ್ಟರೆ ಒಂದು ಮಾತು ಆಡಿದವರಲ್ಲ.

ಮೊದಲು ಬಂದವಳು ತಾಮ್ರದ ಕೊಡದ ಕಾಕು.

"ತಮ್ಮಾ, ಆಕಿ ನನಗಿಂತ ಮೊದಲ ಹೋದ್ರ ಏನಂತ ಬರೀತಿ?"

"ಖರೇ ಇದ್ದದ್ದು ಬರೀತೀನಿ ಕಾಕೂ."

"ಹಂಗಾದ್ರ ನಾ ಇನ್ನೂ ಬದಕಬೇಕು. ಅದನ್ನ ಓದಿಸ್ಕೊಂಡ ಕೇಳೇ ಹೋಗಾಕಿ ನಾನು."

ಅದೇ ಸಂಜೆ ಸ್ಟೀಲ್ ಕೊಡದ ಕಾಕು ಬಂದು ಅದನ್ನೇ ಕೇಳಿ, ಅದನ್ನೇ ಹೇಳಿ ಹೋದಳು. ಇಬ್ಬರೂ ಅಂದಿನಿಂದ ಗುಳಿಗೆಗಳನ್ನು ತಪ್ಪದೆ ನುಂಗತೊಡಗಿದರು. ಯಾರು ಮೊದಲು ಹೋಗುತ್ತಾರೋ ಅವರು ಸೋತಂತೆ. ಮೈಗೆ ಹುಷಾರಿಲ್ಲದಿದ್ದರೂ ಒಬ್ಬಳು ನಳಕ್ಕೆ ಬಂದಳೆಂದು ಇನ್ನೊಬ್ಬಳು ಬರುತ್ತಿದ್ದಳು.

"ಅಕ್ಕಾರ ಕಡೆ ಕೊಡ್ರಿ"

ಆಗ ಎಲ್ಲರ ಮನೆಯಲ್ಲೂ ಫೋನ್ ಇರಲಿಲ್ಲ. ಕೆಲವರು ನಮ್ಮ ಮನೆಯ ನಂಬರನ್ನೇ ನಿಧನ ವಾರ್ತೆಯ ಕೆಳಗೆ ಹಾಕಿಸುತ್ತಿದ್ದರು. ದೂರದ ನೆಂಟರು ಫೋನ್ ಹಚ್ಚಿ ಅಳುವವರು, ನನ್ನ ಹೆಂಡತಿ ತೆಗೆದುಕೊಳ್ಳುವವಳು. ಸತ್ತವರ ಗುರುತು ಅವಳಿಗೆ ಇಲ್ಲದಿದ್ದರೂ ಆ ಕಡೆ ಅಳು ಕೇಳಿದೊಡನೆ ಈ ಕಡೆ ಇವಳೂ ಶುರು. "ಹೌದ್ರಿ, ಹೋಗುವಂಥಾ ವಯಸ್ಸ ಅಲ್ರಿ" ಎಂದು ತೊಂಬತ್ತು ದಾಟಿದ ಮುದುಕನಿಗೂ ಕಣ್ಣೀರು ಹಾಕಿದವಳು.

ಒಂದು ದಿನ ಅವಳು ಸಂತೆಗೆ ಹೋಗಿದ್ದಳು. ನಾನೇ ಫೋನ್ ತೆಗೆದುಕೊಂಡು, ದೇವರು ಶಾಂತಿ ಕೊಡಲಿ ಎಂದು ಗಂಭೀರವಾಗಿ ಹೇಳಿದೆ. ಆ ಕಡೆಯ ಗಂಡಸಿನ ಅಳು ಅರ್ಧಕ್ಕೇ ನಿಂತಿತು.

"ಅಕ್ಕಾರ ಇಲ್ಲೇನ್ರಿ?"

"ಸಂತಿಗೆ ಹೋಗ್ಯಾಳ್ರಿ. ನನಗ ಹೇಳ್ರಿ."

"ಬ್ಯಾಡ್ರಿ. ಅಕ್ಕಾರ ಬರ್ಲಿ, ಆಮ್ಯಾಲ ಹಚ್ತೀನಿ. ನಿಮ್ಮ ಕೂಡ ಅತ್ರ ಅತ್ತಂಗ ಆಗೂದಿಲ್ರಿ."

ಬೈದದ್ದು ಕನ್ನಡ, ಹೊಗಳಿದ್ದು ಮರಾಠಿ

ಶಿರಗುಪ್ಪಿಯಲ್ಲಿ ಕಬ್ಬು ಬೆಳೆಯುತ್ತಿದ್ದ ಹಿರಿಯರೊಬ್ಬರು ಹೋದರು. ಕೃಷ್ಣೆಯ ಈ ಭಾಗದಲ್ಲಿ ಒಂದೇ ಮನೆಯಲ್ಲಿ ಎರಡು ಭಾಷೆ ಹೊಸದೇನಲ್ಲ. ಅವರ ಇಬ್ಬರು ಮಕ್ಕಳು ನನ್ನ ಎದುರೇ ಜಗಳಕ್ಕೆ ನಿಂತರು. ವಾರ್ತೆ ಮರಾಠಿ ಪೇಪರಿನಲ್ಲಿ ಬರಬೇಕೆಂದು ಮಿರಜದಲ್ಲಿ ಅಂಗಡಿ ಇಟ್ಟಿದ್ದ ಹಿರಿಯವ, ಕನ್ನಡದಲ್ಲಿ ಬರಬೇಕೆಂದು ಹೊಲ ನೋಡಿಕೊಂಡಿದ್ದ ಕಿರಿಯವ.

"ಬಾಬಾ ನನ್ನ ಕೂಡ ಮರಾಠೀನ ಮಾತಾಡ್ತಿದ್ರು," ಎಂದ ಹಿರಿಯವ. "ನಾ ಊರಿಗೆ ಬಂದಾಗೆಲ್ಲಾ 'ಸೋನ್ಯಾಸಾರಖಾ ಪೋರ್ಗಾ' ಅಂತಿದ್ರು. ಬಂಗಾರದಂಥಾ ಮಗಾ."

"ನನಗ ದಿನಾ ಮುಂಜಾನೆ 'ಲೇ ಕೋಣಾ, ನೀರ ಹಾಯಿಸೂದ ಎಂದ ಕಲೀತಿ' ಅಂತ ಅಚ್ಚ ಕನ್ನಡದಾಗ ಬೈದಾನ," ಎಂದ ಕಿರಿಯವ. "ಮನಿಗೆ ಬಂದ ಪಾವಣ್ಯಾರ ಮುಂದ ಆಡಿದ್ದು ಮರಾಠಿ. ಮನಸ ಬಿಚ್ಚಿ ಆಡಿದ್ದು ಕನ್ನಡ. ಖರೇ ಯಾವುದು ನೀವ ಹೇಳ್ರಿ."

ನಾನು ಪೆನ್ನು ಹಿಡಿದುಕೊಂಡು ಅವರ ತಾಯಿಯ ಕಡೆ ನೋಡಿದೆ. ಅಮ್ಮನವರು ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು.

"ಅಮ್ಮಾರ, ನಿಮ್ಮ ಕೂಡ ಯಾವ ಭಾಷಾದಾಗ ಮಾತಾಡ್ತಿದ್ರು?"

"ನನ್ನ ಕೂಡ ಎಲ್ಲಿ ಮಾತಾಡ್ಯಾರ ತಮ್ಮಾ," ಎಂದರು ಅವರು. "ಐವತ್ತ ವರ್ಷ ಬರೇ 'ಹೂಂ' ಅಂದಾರ. ಅದು ಯಾವ ಭಾಷಾ ನೋಡಿ ಅದರಾಗ ಬರದಬಿಡು."

ಮೊದಲ ಪಂಕ್ತಿ

ಐಗಳಿಯಲ್ಲೊಬ್ಬ ಮುದುಕನಿದ್ದ. ಸುತ್ತಲಿನ ಯಾವ ಹಳ್ಳಿಯಲ್ಲಿ ಮದುವೆಯಾದರೂ ಮೊದಲ ಪಂಕ್ತಿಯ ಮೊದಲ ಎಲೆಯ ಮುಂದೆ ಅವನೇ. ಗಂಡಿನವರು ಹೆಣ್ಣಿನ ಕಡೆಯವನೆಂದು ತಿಳಿಯುತ್ತಿದ್ದರು, ಹೆಣ್ಣಿನವರು ಗಂಡಿನ ಕಡೆಯವನೆಂದು. ಸುಮ್ಮನೆ ಉಂಡು ಹೋಗುವವನೂ ಅಲ್ಲ. ಬಡಿಸುವವರಿಗೆ "ಆ ಕಡೆ ಸಾರ ಮುಟ್ಟಿಲ್ಲ ನೋಡ್ರಿ" ಎಂದು ಗದರಿಸಿ, ಎರಡೂ ಕಡೆಯ ಬೀಗರಿಂದ ನಮಸ್ಕಾರ ಹಾಕಿಸಿಕೊಂಡೇ ಏಳುತ್ತಿದ್ದ.

ಅವನು ಹೋದಾಗ ಹಿರಿಯ ಮಗ ಸಂಕೋಚಪಡುತ್ತ, "ಖರೇ ಅಂದ್ರ ಅದೊಂದ ಐತ್ರಿ, ಬರಿಯೂದು ಹ್ಯಾಂಗ?" ಎಂದ. ನಾನು, 'ಇವರಿಲ್ಲದ ಮದುವೆ ಈ ಭಾಗದಲ್ಲಿ ನಡೆಯುತ್ತಿರಲಿಲ್ಲ' ಎಂದು ಬರೆದುಕೊಟ್ಟೆ. ಹದಿಮೂರನೆಯ ದಿನದ ಊಟಕ್ಕೆ ಸುತ್ತಲಿನ ಹಳ್ಳಿಯವರೆಲ್ಲ ಬಂದರು. ಮೊದಲ ಪಂಕ್ತಿಯ ಮೊದಲ ಎಲೆಗೆ ಎಲ್ಲವನ್ನೂ ಬಡಿಸಿ, ಮುದುಕನ ನೆನಪಿಗೆಂದು ಖಾಲಿ ಬಿಟ್ಟರು. ನನಗೂ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಯಾರೋ ಗುರುತಿಲ್ಲದವನೊಬ್ಬ ಟವೆಲ್ ಝಾಡಿಸುತ್ತ ಬಂದು ಆ ಎಲೆಯ ಮುಂದೆ ಕೂತುಬಿಟ್ಟ. ಯಾರ ಕಡೆಯವನೆಂದು ಒಬ್ಬರನ್ನೊಬ್ಬರು ಕೇಳಿದರು, ಯಾರಿಗೂ ಗೊತ್ತಿಲ್ಲ. ಕಿರಿಯ ಮಗ ಎಬ್ಬಿಸಲು ಹೊರಟಾಗ ಹಿರಿಯವ ತಡೆದ.

"ಕೂಡ್ಲಿ ಬಿಡಲೇ. ಅಪ್ಪನ ಕೈಯಾಗ ತಯಾರಾದಂವ ಇರಬೇಕು."

ತಾಮ್ರ, ಸ್ಟೀಲು

ಫ್ಯಾಕ್ಸ್ ಹೋಗಿ ಮೊಬೈಲ್ ಬಂತು. ನಮ್ಮ ಓಣಿಯ ಪಂದ್ಯ ಮಾತ್ರ ನಡೆದೇ ಇತ್ತು. ಒಂದು ಮುಂಜಾನೆ ನಳಕ್ಕೆ ನೀರು ಬಂದಾಗ ತಾಮ್ರದ ಕೊಡವೊಂದೇ ಬಂದಿತ್ತು. ಸ್ಟೀಲ್ ಕೊಡದ ಕಾಕು ನಿದ್ದೆಯಲ್ಲೇ ಹೋಗಿದ್ದಳು.

ನಾನು ಆ ಮನೆಗೆ ಹೋಗಿ ಖರೇ ಸಾಲು ಕೇಳಿದೆ. ಮಕ್ಕಳಿಬ್ಬರೂ ಅವ್ವ ಚೊಲೋ ಇದ್ದಳು, ಬಹಳ ಚೊಲೋ ಇದ್ದಳು ಎನ್ನುವುದರಾಚೆಗೆ ಹೋಗಲಿಲ್ಲ. ಕಡೆಗೆ ಹಿರಿಯ ಸೊಸೆ ಕಣ್ಣೊರೆಸಿಕೊಂಡು, "ಎದರ ಮನಿ ಕಾಕೂನ ಕೇಳ್ರಿ. ಅತ್ತೀ ಬಗ್ಗೆ ಆಕೀಗೆ ಗೊತ್ತಿದ್ದಷ್ಟ ನಮಗ ಗೊತ್ತಿಲ್ಲ" ಎಂದಳು.

ತಾಮ್ರದ ಕೊಡದ ಕಾಕು ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೊಡ ಹಾಗೇ ಇತ್ತು, ನೀರು ತುಂಬಿರಲಿಲ್ಲ. ಗೆದ್ದವಳ ಮುಖ ಹೀಗಿರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ.

"ಬರಕೋ," ಎಂದಳು. "ಜಗಳಗಂಟಿ. ಸರತಿ ಮುರಿಯಾಕಿ. ಬಾಯಿ ಅಂದ್ರ ಬಾಯಿ."

ಬರೆದುಕೊಂಡೆ.

"ನನಗ ವಿಷಮಜ್ವರ ಬಂದು ಮಲಗಿದಾಗ ನಳದ ಹತ್ರ ನಿಂತು ನನಗ ಕೇಳೂ ಹಂಗ ಬೈದ್ಲು. 'ಸೋಗ ಹಾಕಿ ಮಲಗ್ಯಾಳ' ಅಂದ್ಲು. ಹಂಗ ಬೈಕೋತ ಬಂದು ನನ್ನ ಕೊಡಾ ಒಯ್ದು, ತುಂಬಿ ತಂದು, ಬಾಗಲದಾಗ ಧಪ್ ಅಂತ ಇಟ್ಲು. ನಾ ಏಳೂತನಕಾ ದಿನಾ ಬೈದ್ಲು, ದಿನಾ ತುಂಬಿದ್ಲು." ಸೆರಗಿನಿಂದ ಮುಖ ಒರೆಸಿಕೊಂಡಳು. "ಇದನ್ನೂ ಬರಕೋ. ಖರೇ ಬರೀತೀನಿ ಅಂದಿಯಲ್ಲಾ."

'ಬೈಯುತ್ತಲೇ ಕಂಡವರ ಕೊಡ ತುಂಬುತ್ತಿದ್ದರು' ಎಂದು ಬರೆದು ಓದಿ ತೋರಿಸಿದೆ. ತಲೆ ಆಡಿಸಿದಳು. ಮೂರನೆಯ ಸಾಲನ್ನೂ ಓದು ಎಂದಳು.

"ಮೃತರು ಇಬ್ಬರು ಪುತ್ರರು, ಓರ್ವ ಪುತ್ರಿ ಹಾಗೂ ಅಪಾರ ಬಂಧು-ಬಳಗವನ್ನು ಅಗಲಿದ್ದಾರೆ."

"ಅದರಾಗ ನಾ ಎಲ್ಲಿ ಅದೀನಿ?"

"ಕಾಕೂ, ನೀ ಆಕೀಗೆ ಬಂಧು ಅಲ್ಲಲ್ಲ."

"ಅಲ್ಲ. ಬಳಗಾನೂ ಅಲ್ಲ. ಅದಕ್ಕ ನನ್ನ ಬ್ಯಾರೆ ಹಾಕು."

"ಏನಂತ ಹಾಕ್ಲಿ?"

"ಇದ್ದದ್ದ ಹಾಕು. ವೈರಿ."

ಸಂಪಾದಕರು ಫೋನ್ ಮಾಡಿ, ಇದೇನು ಟೈಪಿಂಗ್ ತಪ್ಪೋ ನಿಮ್ಮ ತಲೆಯ ತಪ್ಪೋ ಎಂದು ಕೇಳಿದರು. ಮನೆಯವರೂ ಒಪ್ಪಿ ಕೊಟ್ಟಿದ್ದಾರೆ, ಇದ್ದದ್ದು ಇದ್ದಂತೆ ಎಂದೆ. ಅದೃಷ್ಟಕ್ಕೆ ಅವರ ಮನೆಯ ಎದುರಿಗೂ ಒಂದು ಮನೆ ಇತ್ತೋ ಏನೋ, ಹಾಗೇ ಬಿಟ್ಟರು. ಮರುದಿನ ಪೇಪರಿನಲ್ಲಿ ಅಚ್ಚಾಯಿತು: 'ಮೃತರು ಇಬ್ಬರು ಪುತ್ರರು, ಓರ್ವ ಪುತ್ರಿ, ಎದುರು ಮನೆಯ ಓರ್ವ ವೈರಿ ಹಾಗೂ ಅಪಾರ ಬಂಧು-ಬಳಗವನ್ನು ಅಗಲಿದ್ದಾರೆ.'

ಕಟ್ಟೆಯ ಮೇಲೆ ಕೂತು ಕಾಕು ಅದನ್ನು ಓದಿಸಿಕೊಂಡು ಕೇಳಿದಳು. ಇನ್ನೊಮ್ಮೆ ಓದು ಎಂದಳು. ಆಮೇಲೆ ಬಹಳ ಹೊತ್ತು ಎದುರು ಮನೆಯ ಬಾಗಿಲನ್ನೇ ನೋಡುತ್ತ ಕೂತಳು.

"ತಮ್ಮಾ, ಆಕೀ ಸಾಲ ಎಷ್ಟ ತುಂಬಿಕೊಂಡ ಕಾಣತೈತಿ ನೋಡು. ನಾ ಹೋದಾಗ ಬರೇ ಮಕ್ಕಳು, ಮೊಮ್ಮಕ್ಕಳು. ವೈರಿ ಅನ್ನಾಕ ಒಬ್ಬರೂ ಉಳಿದಿಲ್ಲ ನನಗ."

ನಾನು ಪೇಪರನ್ನು ಮಡಚಿ ಅವಳ ಕೈಗೇ ಕೊಟ್ಟೆ.

ಕಾರ್ಯವೆಲ್ಲ ಮುಗಿದ ಮೇಲೆ ಒಂದು ಮುಂಜಾನೆ ನಳದ ಹತ್ತಿರ ಕೂಗಾಟ ಕೇಳಿ ಹೊರಗೆ ಓಡಿದೆ. ಎದುರು ಮನೆಯ ಹಿರಿಯ ಸೊಸೆ ಅತ್ತೆಯ ಸ್ಟೀಲ್ ಕೊಡವನ್ನು ತೋಟಿಯ ಕೆಳಗೆ ಇಟ್ಟಿದ್ದಳು. ಕಾಕು ಅದನ್ನು ಸರಿಸಿ ತನ್ನ ತಾಮ್ರದ ಕೊಡ ಇಟ್ಟಿದ್ದಳು. ಪಾಪ, ಸೌಮ್ಯ ಹೆಣ್ಣುಮಗಳು, ಮೊದಲು ಸುಮ್ಮನೆ ನಿಂತಿದ್ದಳಂತೆ. ಕಾಕು ಅವಳ ಅತ್ತೆಯನ್ನು ಬೈದಳು, ತವರುಮನೆಯನ್ನು ಬೈದಳು, ಕಡೆಗೆ ಅವಳ ರೊಟ್ಟಿಯನ್ನೂ ಬೈದಳು. ರೊಟ್ಟಿಯ ಮಾತಿಗೆ ಸೊಸೆಗೆ ತಡೆಯಲಾಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾಮ್ರದ ಕೊಡ ಎತ್ತಿ ಬದಿಗೆ ಕುಕ್ಕಿ, ಕಾಕುವಿನ ಏಳು ತಲೆಮಾರನ್ನು ಜಾಡಿಸತೊಡಗಿದಳು.

ಕಾಕು ಒಂದೂ ಮಾತು ಆಡದೆ ಕೈ ಕಟ್ಟಿಕೊಂಡು ಪೂರ್ತಿ ಕೇಳಿದಳು. ಮುಖದಲ್ಲಿ ಬಹಳ ದಿನಗಳ ನಂತರ ಕಳೆ ಬಂದಿತ್ತು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು:

"ಈಕೀ ಹೆಸರ ಬರಕೊಂಡ ಇಡು, ತಮ್ಮಾ."