ಹಳೇ ಕ್ಯಾಪ್ಟನ್ ಆಗಿದ್ರೆ ಬಿಡ್ತಿದ್ರಾ?

ಒಬ್ಬನನ್ನ ಇನ್ನೊಬ್ಬನ ಪಕ್ಕ ನಿಲ್ಲಿಸಿ ಅಳೆಯೋ ಚಟ ನಮ್ಮ ಜನಕ್ಕೆ ಇರೋವರೆಗೂ ನನ್ನಂಥವನಿಗೆ ಪಜೀತಿ ತಪ್ಪಿದ್ದಲ್ಲ. ಎಪ್ಪತ್ತರ ದಶಕದ ಕೊನೇಲಿ ಯಶವಂತಪುರದ ಕಡೆ ಒಂದು ಕಾರ್ಖಾನೆ ನನ್ನನ್ನ ಬಾಸ್ಕೆಟ್‌ಬಾಲ್ ಆಡ್ತೀನಿ ಅನ್ನೋ ಕಾರಣಕ್ಕೇ ಕೆಲಸಕ್ಕೆ ತಗೊಂಡಿತ್ತು. ಕೆಲಸ ಟೆಂಪರರಿ. ಸ್ಪೋರ್ಟ್ಸ್ ಸೆಕ್ರೆಟರಿ ಮೊದಲ ದಿನಾನೇ ಹೇಳಿಬಿಟ್ರು: "ಈ ಸೀಸನ್ ನೋಡ್ತೀವಿ. ಹಳೇ ಕ್ಯಾಪ್ಟನ್ ಜಾಗ ತುಂಬಿದ್ರೆ ಪರ್ಮನೆಂಟು, ಇಲ್ಲಾಂದ್ರೆ ನಮಸ್ಕಾರ."

ಹಳೇ ಕ್ಯಾಪ್ಟನ್ ಅಂದ್ರೆ ಆಟ ಬಿಟ್ಟು ಸ್ಟೋರ್ಸ್‌ನಲ್ಲಿ ಕೂತಿದ್ದ ದೊಡ್ಡ ಡಿಫೆಂಡರ್. ಅವರ ಎದುರು ಒಂದು ಬಾಸ್ಕೆಟ್ ಹಾಕಿದವನು ಊರೆಲ್ಲ ಸ್ವೀಟ್ ಹಂಚ್ತಿದ್ದನಂತೆ. ನನಗೋ ಮದುವೆ ಮಾತು ನಡೀತಿತ್ತು, ಹುಡುಗಿ ಕಡೆಯವರು "ಪರ್ಮನೆಂಟ್ ಆಗ್ಲಿ, ಆಮೇಲೆ ಮಾತಾಡೋಣ" ಅಂತ ಕೂತಿದ್ರು. ಏನೇ ಆಗ್ಲಿ, ಈ ಕೆಲಸ ಬಿಡೋದಿಲ್ಲ ಅಂತ ಹಠ ಹಿಡಿದೆ.

ಟೀ ಅಂಗಡಿ

ಆರ್.ಟಿ. ನಗರದಲ್ಲಿ ನನ್ನ ರೂಮಿನ ಕೆಳಗೇ ಒಂದು ಟೀ ಅಂಗಡಿ. ಅದರ ಸಾಬರು ಗ್ಲಾಸ್ ಮುಂದಿಡ್ತಾ ಹೇಳೋರು, "ನಿಂದು ಆಟ ಪರವಾಗಿಲ್ಲ ಭಾಯ್. ಆದ್ರೆ ಕ್ಯಾಪ್ಟನ್ ಸಾಬ್‌ದು ಬಾತೇ ಅಲಗ್, ಅವ್ರದ್ದೇ ಬೇರೆ! ಅವ್ರು ನಿಂತ್ರೆ ನೊಣಾನೂ ರಿಂಗ್ ಹತ್ರ ಸುಳೀತಿರಲಿಲ್ಲ."

ದಿನಾ ಇದೇ ರಾಗ. ಒಂದಿನ ತಲೆ ಕೆಟ್ಟು ಕೇಳೇಬಿಟ್ಟೆ, "ಅವರ ಆಟ ಎಲ್ಲಿ ನೋಡಿದ್ರಿ ಸಾಬ್ರೇ?"

"ನಾನೆಲ್ಲಿ ನೋಡ್ಲಿ? ಮ್ಯಾಚ್ ಟೈಮಲ್ಲೇ ತಾನೆ ಇಲ್ಲಿ ಗಿರಾಕಿ ರಷ್ಷು!"

"ಸರಿ, ನನ್ನ ಆಟ?"

"ಅದೂ ನೋಡಿಲ್ಲ. ಹಂಗಂತ ಫರಕ್ ಗೊತ್ತಾಗಲ್ವಾ ನಮಗೆ?"

ಬಸ್ಸು

ನಮ್ಮ ಕೋಚ್ ಧಾರವಾಡದ ಕಡೆಯವರು. ಕ್ಯಾಪ್ಟನ್ನರ ಗುಟ್ಟು ಅಂತ ನನಗೆ ಒಂದೇ ಪಾಠ ಹೇಳಿಕೊಟ್ಟಿದ್ರು: "ಚೆಂಡು ನೋಡಬ್ಯಾಡ, ಕಣ್ಣು ನೋಡಬ್ಯಾಡ. ಅವೆಲ್ಲಾ ಮೋಸ ಮಾಡ್ತಾವ. ಎದುರಾಳಿ ಸೊಂಟ ನೋಡಲೇ! ಸೊಂಟ ಎತ್ತ ಹೋಗ್ತೈತಿ, ಮನಷ್ಯಾ ಅತ್ತ."

ಹಠ ಹಿಡಿದವನಿಗೆ ಕೋರ್ಟೇ ಬೇಕಾ? ಬಸ್ಸಲ್ಲೂ ಶುರು ಹಚ್ಕೊಂಡೆ. ಯಾರು ಯಾವ ಸ್ಟಾಪಲ್ಲಿ ಇಳೀತಾರೆ ಅಂತ ಸೊಂಟ ನೋಡಿಯೇ ಹೇಳೋ ಅಭ್ಯಾಸ. ಹೆಬ್ಬಾಳ ಬರೋ ಹೊತ್ತಿಗೆ ಕಂಡಕ್ಟರ್ ನನ್ನ ಕಾಲರ್ ಹಿಡಿದ.

"ಆವಾಗಿಂದ ನೋಡ್ತಿದೀನಿ, ಎಲ್ಲರ ಜೇಬಿನ ಮೇಲೇ ಇದೆ ನಿನ್ನ ಕಣ್ಣು!"

"ಅಯ್ಯೋ ಜೇಬಲ್ಲ ಸ್ವಾಮಿ, ನಾನು ಸೊಂಟ ನೋಡ್ತಿದ್ದೆ!"

ಅಲ್ಲಿವರೆಗೂ ಗಂಡಸರು ಮಾತ್ರ ಎದ್ದು ನಿಂತಿದ್ರು. ಈಗ ಹೆಂಗಸರೂ ಎದ್ದರು. ನಾನು ಕಾರ್ಖಾನೆ, ಟೀಮು, ಡಿಫೆನ್ಸು ಅಂತೆಲ್ಲ ಬಾಯಿಬಿಟ್ಟೆ. ಕಂಡಕ್ಟರ್ ಕಾಲರ್ ಬಿಟ್ಟ, ಮಾತು ಬಿಡಲಿಲ್ಲ. "ನಿಮ್ಮ ಹಳೇ ಕ್ಯಾಪ್ಟನ್ನೂ ಇದೇ ಬಸ್ಸಲ್ಲೇ ಓಡಾಡ್ತಿದ್ರು ಕಣ್ರೀ. ಒಂದಿನಾನಾದ್ರೂ ಇಂಥ ಕಂಪ್ಲೇಂಟ್ ಬಂದಿತ್ತಾ?"

ಫೈನಲ್

ಸೀಸನ್ನಿನ ಕೊನೇ ಮ್ಯಾಚು. ಸೆಕ್ರೆಟರಿ ಪಕ್ಕದ ಕುರ್ಚೀಲಿ ಸಾಕ್ಷಾತ್ ಹಳೇ ಕ್ಯಾಪ್ಟನ್ನೇ ಕೂತಿದ್ದಾರೆ. ಅವರು ಹೂಂ ಅಂದ್ರೆ ನಾನು ಪರ್ಮನೆಂಟು, ಉಹೂಂ ಅಂದ್ರೆ ಗಂಟುಮೂಟೆ.

ಎದುರು ಟೀಮಲ್ಲಿ ಒಬ್ಬ ಭಾರಿ ಶೂಟರ್ ಇದ್ದ. "ಅಂವಾ ನೀರು ಕುಡಿಯಾಕ ಹೋದರೂ ಬಿಡಬ್ಯಾಡ," ಅಂದ್ರು ಕೋಚು. ಬಿಡಲಿಲ್ಲ ನಾನು. ಅವನ ಸೊಂಟ ಎಡಕ್ಕೆ ತಿರುಗಿದ್ರೆ ಎಡಕ್ಕೆ, ಬಲಕ್ಕೆ ಅಂದ್ರೆ ಬಲಕ್ಕೆ. ಪಾಪ, ಅವನ ಮುಖ ಅಳೋ ಹಂಗಾಗಿತ್ತು. ನನಗೋ ಖುಷಿಯೋ ಖುಷಿ.

ಆಟ ಮುಗಿಯೋಕೆ ಇನ್ನೇನು ಸ್ವಲ್ಪ ಹೊತ್ತಿದೆ, ಸ್ಕೋರ್ ಸಮಸಮ. ಸೊಂಟ ಸರಸರ ಒಂದೇ ಕಡೆ ಹೊರಟಿತು. ನಾನೂ ಕೈ ಅಗಲಿಸಿಕೊಂಡು ಎದುರೇ ಜಾರಿಕೊಂಡು ಹೋದೆ. ಸೊಂಟ ನಿಂತಿತು, ನಿಂತೆ. ಸೊಂಟ ಕೂತಿತು!

ತಲೆ ಎತ್ತಿ ನೋಡ್ತೀನಿ, ಅವರ ಟೀಮಿನ ಬೆಂಚು. ಶೂಟರ್‌ನ ಶೂ ಕಿತ್ತುಹೋಗಿ, ರೆಫ್ರಿಯ ಅಪ್ಪಣೆ ತಗೊಂಡು ಅವನು ಹೊರಗೆ ಬಂದಿದ್ದ. ರೆಫ್ರಿ ಸೀಟಿ ಊದಿದ್ದೇ ನನಗೆ ಕೇಳಿಸಿರಲಿಲ್ಲ, ಅವನ ಬದಲಿ ಆಟಗಾರ ಆಗಲೇ ಒಳಗಿದ್ದ. ನಾನಿಲ್ಲಿ ಕೂತವನನ್ನ ಕಾಯ್ತಿದ್ರೆ, ಅಲ್ಲಿ ಆ ಬದಲಿ ಆರಾಮಾಗಿ ಬಾಸ್ಕೆಟ್ ಹಾಕಿದ. ಅದೇ ಬಾಸ್ಕೆಟ್‌ನಲ್ಲಿ ನಾವು ಸೋತ್ವಿ.

ಸೀಟಿ ಊದಿದ ಮೇಲೆ ಕಾಲು ಎಳ್ಕೊಂಡು ಆ ಕುರ್ಚಿಗಳ ಮುಂದೆ ಹೋಗಿ ನಿಂತೆ. ಕೆಲಸ ಹೋಯ್ತು, ಹುಡುಗೀನೂ ಹೋದ್ಲು ಅನ್ಕೊಂಡೆ. ಆದ್ರೂ ಅವರ ಬಾಯಿಂದ ಕೇಳದೆ ಜಾಗ ಬಿಡಬಾರದು ಅಂತ ಅಲ್ಲೇ ನಿಂತಿದ್ದೆ.

ಸೆಕ್ರೆಟರಿ ಕೆಂಡವಾಗಿದ್ರು. "ನೀವೇ ಹೇಳಿ ಸಾರ್. ಇವನು ನಿಮ್ಮ ಥರ ಆಡ್ತಾನಾ?"

"ಇಲ್ಲಪ್ಪ," ಅಂದ್ರು ಕ್ಯಾಪ್ಟನ್. "ನಾನು ಕಾಯ್ತಿದ್ದವನು ಬೆಂಚಿಗೆ ಹೋದ್ರೆ ಬದುಕಿದೆಯಾ ಬಡಜೀವ ಅಂತ ಉಸಿರು ಬಿಡ್ತಿದ್ದೆ. ಇವನು ಅಲ್ಲಿಗೂ ಹೋದ. ಸುಮ್ನೆ ಪರ್ಮನೆಂಟ್ ಮಾಡ್ಬಿಡಿ. ಇಲ್ಲಾಂದ್ರೆ ನಾಳೆಯಿಂದ ನಿಮ್ಮ ಹಿಂದೆ ಬೀಳ್ತಾನೆ."

ಸೆಕ್ರೆಟರಿ ನನ್ನನ್ನ ಮೇಲಿಂದ ಕೆಳಗೆ ನೋಡಿದ್ರು. ನಾನು ಒಂದಿಂಚೂ ಅಲ್ಲಾಡಲಿಲ್ಲ.

"ಸೋಮವಾರ ಆಫೀಸಿಗೆ ಬಾ, ಆರ್ಡರ್ ಕೊಡ್ತೀನಿ," ಅಂದ್ರು. "ಮನೆ ಹತ್ರ ಮಾತ್ರ ಬರ್ಬೇಡ ಕಣಪ್ಪಾ!"