ಅಲಸಂದಿ ಗಡಿಗೆಯಲ್ಲಿ ಬಿಡಾರ ಹೂಡಿದ ನುಸಿಯವರಿಗೆ

ದೇಗಾಂವ, ಜೂನ್ ೧೯೭೪

ನಮ್ಮ ಸೋದರತ್ತೆ ಕಾಡವ್ವನವರ ಬೀಜದ ಗಡಿಗೆಯಲ್ಲಿ ಕುಟುಂಬ ಸಮೇತ ವಾಸವಾಗಿರುವ ಮಾನ್ಯ ನುಸಿಯವರೇ,

ತಮಗೂ, ತಮ್ಮ ಮಕ್ಕಳಿಗೂ, ನಿನ್ನೆಯಿಂದೀಚೆಗೆ ಹುಟ್ಟಿರಬಹುದಾದ ಮೊಮ್ಮಕ್ಕಳಿಗೂ ಸಾಷ್ಟಾಂಗ ನಮಸ್ಕಾರಗಳು. ಎದುರಿಗೆ ನಿಂತು ಮಾತನಾಡುವ ರೂಢಿ ನನಗಿಲ್ಲದ ಕಾರಣ, ಗಡಿಗೆಗೆ ಬಗ್ಗಿ ಹೇಳಬೇಕಾದುದನ್ನು ನಾಲ್ಕು ಜನ ಓದುವಂತೆ ಬರೆದು ತಿಳಿಸುತ್ತಿದ್ದೇನೆ.

ಕಳೆದ ಸುಗ್ಗಿಯಲ್ಲಿ ಕಿತ್ತೂರಿಗೆ ಬಂದ ಬೇಸಾಯ ಇಲಾಖೆಯ ಕನ್ನಡಕದ ಸಾಹೇಬರೊಬ್ಬರು, ಕಾಳಿನ ಕೆಂಪು ಸಿಪ್ಪೆಯಲ್ಲಿ ಒಂದು ಸತ್ವವಿದೆ, ಗಾಳಿ ತಾಗಿ ಎಣ್ಣೆ ಕಮಟಾಗುವುದನ್ನು ಅದು ತಡೆಯುತ್ತದೆ ಎಂದು ಭಾಷಣ ಮಾಡಿದರು. ನಾನು ಎಣ್ಣೆಯ ಮಾತನ್ನು ಅಲ್ಲಿಯೇ ಬಿಟ್ಟು ಸಿಪ್ಪೆಯ ಮಾತನ್ನಷ್ಟೇ ಮನೆಗೆ ತಂದೆ. ಅತ್ತೆ ಬಿತ್ತನೆಯ ಅಲಸಂದಿಗೆ ಹುಳು ಬೀಳದಂತೆ ಸಗಣಿ ಕುಳ್ಳಿನ ಬೂದಿ ಬೆರೆಸಲು ಕುಳಿತಾಗ, ಸಿಪ್ಪೆಯೇ ಕಾವಲಿರುವಾಗ ಬೂದಿ ಏತಕ್ಕೆಂದು, ನೆಲ ನೋಡುತ್ತಲೇ ಆದರೂ, ಹೇಳಿಬಿಟ್ಟೆ. ಆ ಮನೆಯಲ್ಲಿ ನನ್ನ ಮಾತು ನಡೆದದ್ದು ಅದೇ ಮೊದಲು. ಬೂದಿಯಿಲ್ಲದೆಯೇ ಗಡಿಗೆಯ ಬಾಯಿ ಕಟ್ಟಲಾಯಿತು.

ಮೊನ್ನೆ ಮಳೆ ಬಿತ್ತು. ನಾಳೆ ಬೆಳಿಗ್ಗೆ ನೆರೆಮನೆಯ ಹಣಮಂತಪ್ಪ ಮಾವ ಬಿತ್ತಲು ಕೂರಿಗೆ ತರುತ್ತಾರೆ. ಇಂದು ಗಡಿಗೆ ತೆರೆದರೆ, ತಾವು. ಒಂದೊಂದು ಕಾಳಿಗೂ ಅಕ್ಕಸಾಲಿಗನೂ ಕೊರೆಯಲಾರದಷ್ಟು ದುಂಡನೆಯ ತೂತು. ಒಳಗೆ ಬರೀ ಹಿಟ್ಟು, ಹೊರಗೆ ಬರೀ ಸಿಪ್ಪೆ. ಸತ್ವವೆಲ್ಲ ಸಿಪ್ಪೆಯಲ್ಲಿಯೇ ಇರುವುದರಿಂದ, ತಾವು ನಿಸ್ಸಾರವಾದುದನ್ನು ತಿಂದು ಸಾರವನ್ನು ನಮಗೆ ಬಿಟ್ಟಂತಾಯಿತು. ಇಷ್ಟು ಔದಾರ್ಯವನ್ನು ಮದುವೆಗೆ ಬಂದ ಬೀಗರಲ್ಲಿಯೂ ನಾನು ಕಂಡಿಲ್ಲ.

ಅತ್ತೆ ಮಾತ್ರ ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಊದಿ ನೋಡಿ, "ಇಪ್ಪತ್ತ ವರ್ಷಕ್ಕ ಒಂದ ಮಾತ ಆಡಿದ್ಯೋ ತಮ್ಮಾ, ಅದರಾಗ ಬೀಜದ ಗಡಿಗೀನ ಹೋತು" ಎಂದರು. ಹಣಮಂತಪ್ಪ ಮಾವ ಬೇಲಿಯಾಚೆಯಿಂದ, "ನಾಳೆ ಸಿಪ್ಪೀನ ಬಿತ್ತೂಣೇನ್ರಿ ಅಕ್ಕಾರ?" ಎಂದು ಕೇಳಿದರು. ಇನ್ನು ಮುಂದೆ ನಾನು ಬಾಯಿ ತೆರೆಯುವುದು ಊಟಕ್ಕೆ ಮಾತ್ರ ಎಂಬಂತಾಗಿದೆ.

ಆದ್ದರಿಂದ ತಾವು ದಯಮಾಡಿ, ತಿಂದುದನ್ನೆಲ್ಲ ಹೊತ್ತು ಮೂಡುವುದರೊಳಗೆ ಅದದೇ ತೂತಿನಿಂದ ತಿರುಗಿ ತುಂಬಿಕೊಡಬೇಕು. ಅದಾಗದಿದ್ದರೆ, ನಾಳೆ ತಾವೇ ಸಿಪ್ಪೆಯೊಳಗೆ ಕುಳಿತು ಸಾಲಿನಲ್ಲಿ ಬಿದ್ದು, ಮೂರನೆಯ ದಿನ ಮೊಳಕೆಯ ಹಾಗೆ ತಲೆ ಹೊರಗೆ ಹಾಕಬೇಕು. ಅದೂ ಕಷ್ಟವೆನಿಸಿದರೆ, ಸಾಹೇಬರು ಹೇಳಿದ್ದು ಎಣ್ಣೆಯ ವಿಷಯವೇ ಹೊರತು ತಮ್ಮ ವಿಷಯವಲ್ಲವೆಂದೂ, ಹುಡುಗ ಒಳ್ಳೆಯದಕ್ಕೇ ಹೇಳಿದನೆಂದೂ ಅತ್ತೆಯ ಮುಂದೆ ಆರೂ ಕಾಲು ಜೋಡಿಸಿ ಸಾಕ್ಷಿ ನುಡಿಯಬೇಕು.

ಗಡಿಗೆಯ ಹೊರಗೇ ನಿಂತಿರುವ
ತಮ್ಮ ವಿಶ್ವಾಸಿ,
ನಿಜಗುಣಪ್ಪ

ತಾ.ಕ.: ಇಷ್ಟು ಬರೆಯುವಷ್ಟರಲ್ಲಿ ಅತ್ತೆ ಅಟ್ಟದಿಂದ ಒಂದು ಸೋರೆ ಬುರುಡೆ ಇಳಿಸಿದರು. ಅದರ ತುಂಬ ಬೂದಿ, ಬೂದಿಯ ತುಂಬ ತೂತಿಲ್ಲದ ಅಲಸಂದಿ. "ನಿನ್ನ ಮಾತ ನಂಬಿದ್ನೆಪಾ, ಅದಕ್ಕ ಅರ್ಧಾ ಗಡಿಗ್ಯಾಗ ಹಾಕಿದೆ. ಉಳದ ಅರ್ಧಕ್ಕ ಬೂದೀನ ನಂಬಿದೆ" ಎಂದರು. ನಾಳೆ ಬಿತ್ತನೆ ನಡೆಯುತ್ತದೆ. ತಮ್ಮ ಗಡಿಗೆಯನ್ನು ಹಣಮಂತಪ್ಪ ಮಾವನ ಕೋಳಿಗಳ ಮುಂದೆ ಸುರಿಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಅವು ಕಿತ್ತೂರಿನ ಭಾಷಣ ಕೇಳಿದವಲ್ಲ. ಸತ್ವವಿರುವ ಸಿಪ್ಪೆಯನ್ನು ಬಿಟ್ಟು ತಮ್ಮನ್ನೇ ಮೊದಲು ಆರಿಸಿಕೊಂಡರೆ ಕ್ಷಮಿಸಬೇಕು.